ನೆರವು ಮತ್ತು ಆಯ್ಕೆ

ಯುದ್ಧ, ಕ್ಷಾಮ, ಭೂಕಂಪಗಳಿಂದ ಮನೆಮಾರು ಕಳೆದುಕೊಂಡವರಿಗೆ ನೆರವಾಗುವುದು ಮಾನವಧರ್ಮ. ಅವರಿಗೆ ದವಸಧಾನ್ಯ, ಕಂಬಳಿ, ಬಟ್ಟೆಬರೆಗಳನ್ನು ಹಂಚುವುದು ಬಹುಕಾಲದಿಂದ ನಡೆದುಬಂದ ರೂಢಿ. ಅವುಗಳ ಬದಲು ಹಣವನ್ನೇ ಕೊಡಬಾರದೇಕೆ? ಹೀಗೆ ಕೇಳಿದೊಡನೆ, ಅವರು ಹಣವನ್ನು ಪೋಲುಮಾಡಿಯಾರು, ಪೇಟೆಯಲ್ಲಿ ಬೆಲೆ ಏರೀತು ಎಂಬ ಸಂದೇಹಗಳು ಏಳುತ್ತವೆ. ಪಶ್ಚಿಮ ಏಷ್ಯದ ಪುಟ್ಟ ದೇಶವಾದ ಲೆಬನಾನಿನ ಅನುಭವವು ಈ ಸಂದೇಹಗಳಿಗೆ ಉತ್ತರ ನೀಡುತ್ತದೆ.

2011ರಲ್ಲಿ ನೆರೆಯ ಸಿರಿಯದಲ್ಲಿ ಸಂಘರ್ಷ ಭುಗಿಲೆದ್ದಿತು. ಪ್ರಾಣಭಯದಿಂದ ಲೆಬನಾನಿಗೆ ಓಡಿಬಂದು ಹೆಸರು ನೋಂದಾಯಿಸಿದವರ ಸಂಖ್ಯೆ 2014ರ ಏಪ್ರಿಲ್ ವೇಳೆಗೆ ಹತ್ತು ಲಕ್ಷವನ್ನು ದಾಟಿತು. ಬೆಟ್ಟಗಳಿಂದ ಕೂಡಿದ ಆ ನಾಡಿನ ಎತ್ತರದ ಊರುಗಳಲ್ಲಿ ಚಳಿಗಾಲವು ಅತಿ ಕಠಿನ. ಆದುದರಿಂದ ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿಯು ಸಹಸಂಸ್ಥೆಗಳೊಡನೆ ಸೇರಿ ಒಂದು ಯೋಜನೆಯನ್ನು ಕೈಗೊಂಡಿತು. 2013ರ ನವೆಂಬರಿನಿಂದ 2014ರ ಏಪ್ರಿಲ್‌ವರೆಗೆ, 500 ಮೀಟರುಗಳಿಗಿಂತ ಎತ್ತರದಲ್ಲಿ ನೆಲೆಸಿದ್ದ ಸುಮಾರು 87,700 ಕುಟುಂಬಗಳಿಗೆ ಒಟ್ಟು ತಲಾ 575 ಡಾಲರುಗಳು ಎಟಿಎಂ ಕಾರ್ಡುಗಳ ಮೂಲಕ ದೊರೆತವು. ಅವರು ಇಂಧನ ಕೊಂಡು ಬೆಚ್ಚಗಿರಲಿ ಎಂಬುದು ಯೋಜಕರ ಆಶಯವಾಗಿತ್ತು.

ಇಂಟರ್‌ನ್ಯಾಷನಲ್ ರೆಸ್ಕ್ಯೂ ಕಮಿಟಿ ಎಂಬ ಸಂಸ್ಥೆಯು ಇದರ ಪರಿಣಾಮವನ್ನು ಪರಿಶೀಲಿಸಿತು. ಆ 500 ಮೀಟರಿನ ಗೆರೆಗಿಂತ ತುಸು ಮೇಲಿದ್ದು ಹಣ ಪಡೆದವರನ್ನೂ, ತುಸು ಕೆಳಗಿದ್ದು ಪಡೆಯದವರನ್ನೂ ಹೋಲಿಸಿ ನೋಡಿತು. ಹಣದ ಹೆಚ್ಚಿನ ಪಾಲು ಇಂಧನಕ್ಕಲ್ಲ, ಆಹಾರ ಮತ್ತು ನೀರಿಗೆ ವೆಚ್ಚವಾಗಿತ್ತು! ಇದು ದುರುಪಯೋಗವೇ? ಅಲ್ಲ. ಚಳಿಗಿಂತ ಮೊದಲು ಹಸಿವು ಅವರನ್ನು ಬಾಧಿಸುತ್ತಿತ್ತು. ಹಣ ಪಡೆದ ಕುಟುಂಬಗಳಲ್ಲಿ ದುಡಿಮೆಗೆ ಹೋಗುವ ಮಕ್ಕಳ ಸಂಖ್ಯೆ ಕುಗ್ಗಿತ್ತು; ಶಾಲೆಗೆ ಸೇರಿದವರ ಸಂಖ್ಯೆ ಹೆಚ್ಚಿತ್ತು. ಬೆಲೆಗಳು ಗಮನಾರ್ಹವಾಗಿ ಏರಿರಲಿಲ್ಲ. ಕೊಟ್ಟ ಹಣವು ಅಂಗಡಿಯಿಂದ ಅಂಗಡಿಗೆ ಕೈದಾಟಿ, ಪ್ರತಿಯೊಂದು ಡಾಲರಿಗೂ ಲೆಬನಾನಿನ ಆರ್ಥಿಕತೆಗೆ 2.13 ಡಾಲರುಗಳ ಲಾಭ ತಂದಿತೆಂದು ಆ ಸಂಸ್ಥೆ ಅಂದಾಜು ಮಾಡಿತು.

ಹಾಗೆಂದು ಹಣವೇ ಸರ್ವರೋಗಕ್ಕೂ ಮದ್ದಲ್ಲ. ಆ ಮೊತ್ತವು ಹಸಿವು, ಚಳಿಗಳೆರಡನ್ನೂ ಪೂರ್ಣವಾಗಿ ನೀಗುವಷ್ಟಿರಲಿಲ್ಲ. ರಸ್ತೆ ಕಡಿದು, ಪೇಟೆ ಬರಿದಾದ ಕಡೆ ಹಣದಿಂದ ಏನನ್ನು ಕೊಳ್ಳಲಾದೀತು? ಅಲ್ಲಿಗೆ ದವಸವನ್ನೇ ಒಯ್ಯಬೇಕು. ಆದರೆ ಪೇಟೆಯಲ್ಲಿ ಸರಕು ಇರುವಾಗ, ತನ್ನ ಮಕ್ಕಳಿಗೆ ಇಂದು ರೊಟ್ಟಿ ಬೇಕೋ, ಕಂಬಳಿ ಬೇಕೋ ಎಂಬುದನ್ನು ದೂರದ ಅಧಿಕಾರಿಗಿಂತ ತಾಯಿಯೇ ಚೆನ್ನಾಗಿ ಬಲ್ಲಳು. ಮನೆಯನ್ನೇ ಕಳೆದುಕೊಂಡವಳಿಗೆ, ಮನೆಯೊಡತಿಯಂತೆ ತಾನೇ ಆಲೋಚಿಸಿ ನಿರ್ಧರಿಸುವ ಹಕ್ಕನ್ನು ಇಂಥ ನೆರವು ಮರಳಿ ಕೊಡುತ್ತದೆ.