ಯಂತ್ರ ಕೊಳ್ಳುವ ಮುನ್ನ ಅದರ ಬಲ ನೋಡಿರಿ

ಒಕ್ಕಲುತನದ ಪುಟದಲ್ಲಿ ಗಣಕಯಂತ್ರದ ಪಾಠವೇಕೆಂದು ವಾಚಕರು ಕೇಳಬಹುದು. ಗೋವೆಯ ನಮ್ಮ ಸತ್ತರಿ ಭಾಗದಲ್ಲಿ ಗೇರುಬೀಜ ಮಾರಿದ ಹಣದಿಂದ ಮಕ್ಕಳ ಓದಿಗೆಂದು ಹಳೆಯ ಲ್ಯಾಪ್‌ಟಾಪ್ ಕೊಳ್ಳುವವರುಂಟು. ಎತ್ತು ಕೊಳ್ಳುವಾಗ ಹಲ್ಲು, ಗೊರಸು, ನಡಿಗೆ ನೋಡದೆ ಹಣ ಎಣಿಸದ ರೈತನು ಈ ಯಂತ್ರವನ್ನು ಮಾತ್ರ ಅಂಗಡಿಯವನ ಬಾಯಿಮಾತಿನ ಮೇಲೆ ಕೊಳ್ಳುತ್ತಾನೆ. ನಾವೂ ಹಾಗೆ ಮಾಡಿ ಕೆಟ್ಟೆವು. ಅದಕ್ಕೇ ಈ ಪಾಠ.

ಯಂತ್ರದಲ್ಲಿ ಮುಖ್ಯವಾಗಿ ಮೂರು ಅಂಗಗಳನ್ನು ನೋಡಬೇಕು. ಪ್ರೊಸೆಸರ್ ಎಂಬುದು ಎತ್ತು. ಕೆಲಸ ಎಳೆಯುವದು ಅದೇ. ರ್ಯಾಮ್ ಎಂಬುದು ಕಣ. ಆ ಹೊತ್ತಿನ ಕೆಲಸವನ್ನೆಲ್ಲ ಅಲ್ಲಿ ಹರವಬೇಕು. ಡಿಸ್ಕ್ ಎಂಬುದು ಹಗೇವು. ಕಾಳು ಕೂಡಿಡುವ ಸ್ಥಳ. ಈ ಮೂರಕ್ಕೂ ಕೆಲಸ ಹಂಚುವ ಯಜಮಾನನೇ ಆಪರೇಟಿಂಗ್ ಸಿಸ್ಟಮ್. ವಿಂಡೋಸ್, ಲಿನಕ್ಸ್ ಎಂಬವು ಇಂಥ ಯಜಮಾನರ ಹೆಸರುಗಳು.

ಪ್ರತಿಯೊಬ್ಬ ಯಜಮಾನನಿಗೂ ಕನಿಷ್ಠ ಬೇಡಿಕೆಯುಂಟು. ವಿಂಡೋಸ್ 10ಕ್ಕೆ 64 ಬಿಟ್ ಯಂತ್ರದಲ್ಲಿ 2 ಜಿಬಿ ರ್ಯಾಮ್ ಸಾಕಿತ್ತು. ಆದರೆ 2025ರ ಅಕ್ಟೋಬರ್ 14ರಂದು ಅದಕ್ಕೆ ಕಂಪನಿಯ ಸಾಮಾನ್ಯ ಬೆಂಬಲ ನಿಂತಿತು. 2021ರಲ್ಲಿ ಬಂದ ವಿಂಡೋಸ್ 11ಕ್ಕೆ 64 ಬಿಟ್‌ನ, ಎರಡು ಕೋರ್‌ಗಳ, 1 ಗಿಗಾಹರ್ಟ್ಸ್ ವೇಗದ ಪ್ರೊಸೆಸರ್, 4 ಜಿಬಿ ರ್ಯಾಮ್, 64 ಜಿಬಿ ಡಿಸ್ಕ್ ಬೇಕು. ಇದಲ್ಲದೆ ಗುಪ್ತ ಕೀಲಿಗಳನ್ನು ಕಾಯುವ ಟಿಪಿಎಂ 2.0 ಇರಬೇಕು, ಪ್ರೊಸೆಸರ್ ಕಂಪನಿಯು ಒಪ್ಪಿದ ಪಟ್ಟಿಯಲ್ಲಿರಬೇಕು. ಇಂಟೆಲ್‌ನದಾದರೆ ಬಹುಮಟ್ಟಿಗೆ ಎಂಟನೆಯ ತಲೆಮಾರು ಇಲ್ಲವೆ ಅದರ ಮುಂದಿನದು. ಹಳೆಯ ಯಂತ್ರಗಳು ಎಡವುವದು ಹೆಚ್ಚಾಗಿ ಈ ಕೊನೆಯ ಎರಡರಲ್ಲಿ.

ಇನ್ನೊಂದು ಮಾತು. ಕನಿಷ್ಠ ಎಂದರೆ ಸಾಕು ಎಂದರ್ಥವಲ್ಲ. ಯಜಮಾನನೇ ಅರ್ಧ ಕಣ ಹಿಡಿದು ಕುಳಿತರೆ ರಾಶಿ ಮಾಡುವದೆಲ್ಲಿ? 4 ಜಿಬಿಯಲ್ಲಿ ವಿಂಡೋಸ್ 11 ಎದ್ದೇಳಬಹುದು. ಅದರ ಮೇಲೆ ವಿಡಿಯೋ ಪಾಠ, ಬರವಣಿಗೆ ಎರಡೂ ನಡೆಯಬೇಕಾದರೆ 8 ಜಿಬಿ ಇದ್ದರೆ ಲೇಸು.

ನಮ್ಮ ಮಗಳಿಗಾಗಿ ಕೊಂಡ ಯಂತ್ರ ಹಳೆಯದು, ರ್ಯಾಮ್ 4 ಜಿಬಿ. "ಹೊಸ ವಿಂಡೋಸ್ ಹಾಕಿ ಕೊಟ್ಟಿದ್ದೇನೆ, ಮಾಸ್ತರರೇ" ಎಂದ ಅಂಗಡಿಯವ. ತಪಾಸಣೆ ತಪ್ಪಿಸಿ ಹಾಕಿದ್ದನೆಂದು ನಮಗೆ ತಿಳಿದದ್ದು ಮುಂದೆ, ಹೊಸ ಆವೃತ್ತಿ ಏರದೆ ನಿಂತಾಗ. ಪರೀಕ್ಷೆ ಹತ್ತಿರ ಬಂದ ಹೊತ್ತಿನಲ್ಲಿ ಪಾಠ ತೆರೆಯಲು ಕಾಯುತ್ತ ಕೂತ ಮಗಳ ಮುಖ ನೋಡಿ ನಮಗೆ ನಾಚಿಕೆಯಾಯಿತು. ಶಾಲೆಯಲ್ಲಿ ಊರ ಮಕ್ಕಳಿಗೆ ಲೆಕ್ಕ ಕಲಿಸುವವರು ನಾವು!

ಯಂತ್ರವನ್ನು ಎಸೆಯಲಿಲ್ಲ. ಲಿನಕ್ಸ್ ಮಿಂಟ್ ಹಾಕಿಸಿದೆವು. ಅದರ ಬೇಡಿಕೆ 2 ಜಿಬಿ ರ್ಯಾಮ್, 20 ಜಿಬಿ ಡಿಸ್ಕ್. ಹಾಯಾಗಿ ನಡೆಯಲು 4 ಜಿಬಿ. ಬೆಲೆಯಿಲ್ಲ. ತಿರುಗುವ ಹಳೆಯ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಕೂಡಿಸಿದ ಮೇಲೆ ಯಂತ್ರ ಚುರುಕಾಯಿತು. ಕನ್ನಡ ಕೀಲಿಮಣೆಯೂ ಅದರಲ್ಲುಂಟು. ಆದರೆ ವಿಂಡೋಸ್‌ಗೆಂದೇ ಮಾಡಿದ ತಂತ್ರಾಂಶಗಳು ಅದರಲ್ಲಿ ನೇರವಾಗಿ ನಡೆಯವು. ಅಂಥವು ಬೇಕಾದವರು ಮೊದಲೇ ಯೋಚಿಸಬೇಕು.

ಇದು ಹೊಸ ದಾರಿಯೇನಲ್ಲ. ಈ ಶತಮಾನದ ಆರಂಭದಲ್ಲಿಯೇ ಗೋವೆಯ ಶಾಲೆಗಳಲ್ಲಿ, ಪರದೇಶದಿಂದ ಬಂದ ಬಳಸಿದ ಗಣಕಯಂತ್ರಗಳಿಗೆ ಲಿನಕ್ಸ್ ಹಾಕಿ ಮಕ್ಕಳಿಗೆ ಕಲಿಸಿದ್ದುಂಟು. ಕಾಸರಗೋಡಿನ ನಮ್ಮ ಕನ್ನಡ ಮಾಧ್ಯಮದ ಮಕ್ಕಳೂ ಕೇರಳದ ಶಾಲೆಗಳ ರೂಢಿಯಂತೆ ಲಿನಕ್ಸ್‌ನಲ್ಲಿಯೇ ಕಲಿಯುತ್ತಾರೆ.

ಹಣ ಕೊಡುವ ಮುನ್ನ ಮೂರು ಕೆಲಸ ಮಾಡಿರಿ:

1. ಯಂತ್ರ ಹಚ್ಚಿಸಿ, ಸೆಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಅಬೌಟ್ ತೆರೆದು ಪ್ರೊಸೆಸರಿನ ಹೆಸರು, ರ್ಯಾಮ್ ಎಷ್ಟೆಂದು ಕಾಗದದ ಮೇಲೆ ಬರೆದುಕೊಳ್ಳಿರಿ.

2. ವಿಂಡೋಸ್ 11 ಬೇಕಾದರೆ ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಎಂಬ ಉಚಿತ ತಂತ್ರಾಂಶವನ್ನು ನಿಮ್ಮೆದುರೇ ನಡೆಸಲು ಹೇಳಿರಿ. ಯಂತ್ರ ತಕ್ಕದ್ದೋ ಅಲ್ಲವೋ ಅದೇ ಹೇಳುವದು.

3. ಲಿನಕ್ಸ್ ಆದರೆ ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಿರಿ. ಡಿಸ್ಕಿನಲ್ಲಿದ್ದುದನ್ನು ಅಳಿಸದೆ ವೈಫೈ, ಧ್ವನಿ, ಕೀಲಿಮಣೆ ಪರೀಕ್ಷಿಸಬಹುದು.

ಅಂಗಡಿಯವನು ಇದಕ್ಕೆ ಒಪ್ಪದಿದ್ದರೆ ಹಣವನ್ನು ಕಿಸೆಯಲ್ಲಿಯೇ ಇಟ್ಟುಕೊಂಡು ಮನೆಗೆ ಬನ್ನಿರಿ. ನೊಗಕ್ಕೆ ಹೂಡಿ ತೋರಿಸದ ಎತ್ತನ್ನು ಸಂತೆಯಲ್ಲಿ ಯಾರು ಕೊಳ್ಳುತ್ತಾರೆ?