ಬಾಣಂತಿ ಇಲಿಯ ಜೋಳದ ಲೆಕ್ಕ

ದೇವನಕೊಂಡದ ಕಡೆ ಮಸಾರಿ ಹೊಲದ ಶೇಂಗಾವನ್ನು ಮುಂಗಾರು ಬಿತ್ತನೆಗೆಂದು ಚೀಲದಲ್ಲಿ ಎತ್ತಿಡುತ್ತೇವೆ. ಆ ವರ್ಷ ಮೇ ತಿಂಗಳಲ್ಲಿ ಒಂದು ಚೀಲ ಎತ್ತಿದರೆ ಕೈಗೆ ಹಗುರ. ತಳದಿಂದ ಬರೀ ಸಿಪ್ಪೆ ಸುರಿಯಿತು. ಹೆಗ್ಗಣದ್ದೇ ಕೆಲಸ ಎಂದು ಬೋನಿಟ್ಟೆ. ಬಿದ್ದದ್ದು ಹೆಬ್ಬೆರಳು ಗಾತ್ರದ ಒಂದು ಚಿಟ್ಟಿಲಿ. ಹೊಟ್ಟೆ ಎರಡೂ ಪಕ್ಕಕ್ಕೆ ಉಬ್ಬಿತ್ತು.

ಬೆಳಿಗ್ಗೆ ನೀರಿಗೆ ಹಾಕಿದರಾಯಿತು ಎಂದು ಮಲಗಿದೆ. ಬೆಳಿಗ್ಗೆ ನೋಡಿದರೆ ಮೂಲೆಯಲ್ಲಿ ಆರು ಮರಿ. ಕೂದಲಿಲ್ಲ, ಕಣ್ಣು ತೆರೆದಿಲ್ಲ, ನೆನೆಸಿದ ಶೇಂಗಾ ಬೀಜದ ಹಾಗೆ ಕೆಂಪಗೆ. ಕುಡಿದ ಹಾಲು ಹೊಟ್ಟೆಯ ಚರ್ಮದೊಳಗಿಂದ ಬೆಳ್ಳಗೆ ಕಾಣುತ್ತಿತ್ತು. "ಬ್ಯಾಡಪ್ಪಾ" ಎಂದು ಮಗಳು ಅಡ್ಡ ನಿಂತಳು. ಶಾಲೆಗೆ ರಜೆ ಬೇರೆ.

ತಗಡಿನ ಡಬ್ಬಿಗೆ ಜಾಳಿಗೆ ಬಿಗಿದು ಸಾಕಿದೆವು. ಓಣಿಯ ಅಕ್ಕಸಾಲಿಗರ ತಕ್ಕಡಿ ಬೇಡಿ ತಂದು ಅವಳೇ ತೂಗಿ ಬರೆದಳು. ತಾಯಿ 17 ಗ್ರಾಂ, ಮರಿ ಒಂದೊಂದೂ ಒಂದು ಗ್ರಾಂ ಚಿಲ್ಲರೆ. ಮೊದಲ ದಿನಗಳಲ್ಲಿ ಜೋಳ ನಾಲ್ಕು ಗ್ರಾಂ ಸಾಕಾಯಿತು. ಎರಡನೇ ವಾರಕ್ಕೆ ಹತ್ತು ಗ್ರಾಂ ಹಾಕಿದರೂ ಡಬ್ಬಿ ಕೆರೆಯುವ ಸದ್ದು. ಇಷ್ಟು ತಿಂದೂ ತಾಯಿಯ ತೂಕ ಒಂದೆರಡು ಗ್ರಾಂ ಏರಿದರೆ ಹೆಚ್ಚು. ಎಲ್ಲ ಹಾಲಾಗಿ ಹೋಗುತ್ತಿತ್ತು. ಮೂರು ವಾರ ತುಂಬುವ ಹೊತ್ತಿಗೆ ಆರೂ ಮರಿಗಳನ್ನು ಒಟ್ಟಿಗೆ ತೂಗಿದರೆ ಅವ್ವನ ಎರಡರಷ್ಟು! ನಾನು ಬೆರಗಾಗಿ ಹೇಳಿದರೆ ಹೆಂಡತಿ ಒಲೆಯ ಮುಂದಿನಿಂದ ತಲೆ ಎತ್ತದೆಯೇ ಅಂದಳು: "ಬಾಣಂತಿ ಹಸಿವು ನಿಮಗೇನು ಗೊತ್ತು?"

ಬಿಸಿಲು ಏರಿದ ದಿನ ಮಾತ್ರ ಲೆಕ್ಕ ತಪ್ಪುತ್ತಿತ್ತು. ಮರಿಗಳನ್ನು ಬಿಟ್ಟು ನೀರಿನ ಮಣ್ಣಿನ ಬಟ್ಟಲಿಗೆ ಹೊಟ್ಟೆ ಒತ್ತಿ ಮಲಗುತ್ತಿತ್ತು, ಜೋಳ ಉಳಿಯುತ್ತಿತ್ತು. ರೋಗವೆಂದುಕೊಂಡೆ. ಹಾಲು ಕಟ್ಟುವ ಕೆಲಸಕ್ಕೇ ಮೈ ಕಾಯುತ್ತದೆ, ಆ ಕಾವು ಹೊರಗೆ ಹೋಗದಿದ್ದರೆ ತಿನ್ನುವುದೂ ಕಡಿಮೆ ಎಂದು ಆಮೇಲೆ ಓದಿ ತಿಳಿದೆ. ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಮೊಲೆಯೂಡುವ ಇಲಿಗಳ ಬೆನ್ನಿನ ಕೂದಲು ಬೋಳಿಸಿ ನೋಡಿದ್ದಾರೆ. ಬೋಳಾದವು ಹೆಚ್ಚು ತಿಂದವು, ಮರಿಗಳೂ ದಪ್ಪಗಾದವು. 2007ರಲ್ಲಿ ಅದು ಅಚ್ಚಾಗಿದೆ. ಇಲಿಗೆ ಕ್ಷೌರ!

ನಾನು ಇಷ್ಟು ವರ್ಷ ತಲೆ ಎಣಿಸಿ ನಷ್ಟ ಅಂದಾಜು ಮಾಡುತ್ತಿದ್ದೆ. ಮರಿ ಸಾಕುವಾಗ ಒಂದು ಇಲಿಯ ಬಾಯಿ ಮೂರು ಇಲಿಯದ್ದು. ಮೇಲಾಗಿ ಗಂಡು ಹತ್ತಿರವಿದ್ದರೆ ಹೆತ್ತ ದಿನವೇ ಮತ್ತೆ ಬಸುರಾಗಬಲ್ಲದು. ಒಂದು ಸೂಲಿಗೆ ಹಾಲು, ಇನ್ನೊಂದು ಹೊಟ್ಟೆಯಲ್ಲಿ. ಬೋನನ್ನು ಈಗ ಮೇ ತನಕ ಅಟ್ಟದಲ್ಲಿ ಇಡುವುದಿಲ್ಲ. ಶೇಂಗಾ ಮನೆಗೆ ಬಂದ ರಾತ್ರಿಯೇ ಹೂಡುತ್ತೇನೆ.

ಹೊಲದ ಇಲಿಯ ಕಥೆ ಬೇರೆ, ಹೊಟ್ಟೆ ಅದೇ. ಧಾರವಾಡ ಸೀಮೆಯ ಪ್ರಾಣಿಗಳ ಪಟ್ಟಿ ಮಾಡಿ 1839ರಲ್ಲಿ ಅಚ್ಚು ಹಾಕಿಸಿದ ವಾಲ್ಟರ್ ಎಲಿಯಟ್ ಎರೆ ಭೂಮಿಯ ಇಲಿಯ ಬಗ್ಗೆ ಬರೆದಿದ್ದಾನೆ. ಅದು ಬೇಸಿಗೆಯಲ್ಲಿ ಬಿರುಕುಗಳೊಳಗೆ ಮನೆ ಮಾಡುತ್ತದೆ. ಮೊದಲ ಮಳೆಗೆ ಬಿರುಕು ಮುಚ್ಚಿಕೊಂಡು ಎಷ್ಟೋ ಸಾಯುತ್ತವೆ. 1826ರಲ್ಲಿ ಆ ಮಳೆ ಕೈಕೊಟ್ಟಿತು. ಬಿತ್ತಿದ ಕಾಳಿನಿಂದ ತೆನೆಯವರೆಗೆ ತಿಂದವು. ಹಿಡಿಯುವವರಿಗೆ ಡಜನ್ನಿಗಿಷ್ಟು ಎಂದು ಕಾಳು ಅಳೆದು ಕೊಟ್ಟು ಸಾವಿರಗಟ್ಟಲೆ ಕೊಲ್ಲಿಸಿದರೂ ಕಡಿಮೆಯಾದಂತೆ ಕಾಣಲಿಲ್ಲವಂತೆ.

ಈ ಸಲ ಜೂನ್ ಮೊದಲ ವಾರ ಕಳೆದಿದೆ. ನಮ್ಮ ಎರೆ ಹೊಲದ ಬಿರುಕಿಗೆ ಕೋಲು ಇಳಿಸಿದರೆ ಇನ್ನೂ ಮೊಣಕಾಲುದ್ದ ಹೋಗುತ್ತದೆ.