ಒಂದೇ ಹಳ್ಳ, ಇಪ್ಪತ್ತೇಳು ಭೇಟಿ

ಪ್ರಕೃತಿಯನ್ನು ನೋಡಬೇಕಾದರೆ ಕೆಮ್ಮಣ್ಣುಗುಂಡಿಗೋ ಹೆಬ್ಬೆ ಜಲಪಾತಕ್ಕೋ ಹೋಗಬೇಕೆಂಬ ಭಾವನೆ ನಮ್ಮ ವಿದ್ಯಾರ್ಥಿಗಳಲ್ಲಿಯೂ ಅವರ ಪೋಷಕರಲ್ಲಿಯೂ ಬೇರೂರಿದೆ. ವರ್ಷಕ್ಕೊಮ್ಮೆ ಶಾಲಾ ಪ್ರವಾಸ ಹೊರಡುತ್ತದೆ; ಜಲಪಾತದ ಮುಂದೆ ನಿಂತು ಭಾವಚಿತ್ರ ತೆಗೆಸಿಕೊಂಡು ಹಿಂದಿರುಗುವುದರೊಂದಿಗೆ ಆ ಅಧ್ಯಾಯ ಮುಗಿಯುತ್ತದೆ. ಇಂಥ ಪ್ರವಾಸಗಳಿಂದ ದೊರೆಯುವ ಸಂತೋಷವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಒಮ್ಮೊಮ್ಮೆ ನೋಡಿದ ಹತ್ತು ಸ್ಥಳಗಳು ಕಲಿಸಲಾರದ ಪಾಠವನ್ನು ಹತ್ತು ಬಾರಿ ನೋಡಿದ ಒಂದು ಸ್ಥಳ ಕಲಿಸಬಲ್ಲದು. ಆ ಸ್ಥಳ ಊರ ಪಕ್ಕದ ಹಳ್ಳವೇ ಆಗಬಹುದು. ಹಳ್ಳವೊಂದನ್ನು ಕ್ರಮವರಿತು ನೋಡುವ ಮತ್ತು ಛಾಯಾಚಿತ್ರಗಳಲ್ಲಿ ದಾಖಲಿಸುವ ಬಗೆಯನ್ನೂ, ಆ ಕಾರ್ಯ ನಮ್ಮ ಸೀಮೆಗೆ ಈಗ ಏಕೆ ಅವಶ್ಯವೆಂಬುದನ್ನೂ ತಿಳಿಸುವುದು ಈ ಲೇಖನದ ಉದ್ದೇಶ.

ನಮ್ಮ ಹಳ್ಳಗಳ ನೆಲೆ

ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳು ನೆರೆಹೊರೆಯವಾದರೂ ಇವುಗಳ ನೀರಿನ ದಾರಿ ಒಂದೇ ಅಲ್ಲ. ತರೀಕೆರೆಯ ಪಶ್ಚಿಮ ಭಾಗದ ತೊರೆಗಳು ಭದ್ರೆಯನ್ನು ಸೇರುತ್ತವೆ. ಬಾಬಾಬುಡನ್ ಗಿರಿಯ ಪೂರ್ವದ ಮಗ್ಗುಲಲ್ಲಿ ಹುಟ್ಟುವ ವೇದಾ ಸಖರಾಯಪಟ್ಟಣದ ಅಯ್ಯನಕೆರೆಯನ್ನೂ, ಅವತಿ ಮದಗದಕೆರೆಯನ್ನೂ ತುಂಬಿ, ಕಡೂರಿನ ಸಮೀಪದಲ್ಲಿ ಕೂಡಿ ವೇದಾವತಿಯಾಗಿ ಬಯಲುಸೀಮೆಗೆ ಇಳಿಯುತ್ತವೆ. ಭದ್ರೆ ಕೂಡಲಿಯಲ್ಲಿ ತುಂಗೆಯನ್ನು ಬೆರೆತು ತುಂಗಭದ್ರೆಯಾಗುತ್ತದೆ. ವೇದಾವತಿಯೂ ಬಹುದೂರ ಹರಿದು, ಹಗರಿ ಎಂಬ ಹೆಸರು ಪಡೆದು, ಕೊನೆಗೆ ಅದೇ ತುಂಗಭದ್ರೆಯನ್ನು ಸೇರುತ್ತದೆ. ಒಂದೇ ಗಿರಿಶ್ರೇಣಿಯ ಎರಡು ಮಗ್ಗುಲಿಗೆ ಬಿದ್ದ ಮಳೆಹನಿಗಳು ನೂರಾರು ಮೈಲಿ ಅಗಲಿದ್ದು ಮತ್ತೆ ಸಂಧಿಸುತ್ತವೆ. ಶಾಲೆಯ ಹಿಂದಿನ ಹಳ್ಳದ ನೀರು ಯಾವ ನದಿಯ ಪಾಲೆಂಬುದನ್ನು ನಕ್ಷೆಯಲ್ಲಿ ಗುರುತಿಸುವುದು ವಿದ್ಯಾರ್ಥಿಯ ಮೊದಲ ಕೆಲಸವಾಗಬೇಕು.

ಭೇಟಿಗೆ ಪಂಚಾಂಗವೇ ಆಧಾರ

ಎಷ್ಟು ದಿನಕ್ಕೊಮ್ಮೆ ಹೋಗಬೇಕು ಎಂಬ ಪ್ರಶ್ನೆಗೆ ನಮ್ಮ ರೈತರೇ ಉತ್ತರವಿಟ್ಟಿದ್ದಾರೆ. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ ಎಂದು ಅವರು ಮಳೆಗಳನ್ನು ಎಣಿಸುವುದು ಸೂರ್ಯನು ಒಂದೊಂದು ನಕ್ಷತ್ರದಲ್ಲಿರುವ ಕಾಲವನ್ನು ಅನುಸರಿಸಿ. ಪ್ರತಿ ನಕ್ಷತ್ರಕ್ಕೆ ಹದಿಮೂರು ಹದಿನಾಲ್ಕು ದಿನಗಳಂತೆ ವರ್ಷಕ್ಕೆ ೨೭ ಅವಧಿಗಳಾಗುತ್ತವೆ. ನಕ್ಷತ್ರಕ್ಕೊಂದು ಭೇಟಿಯೆಂದು ನಿಯಮವಿಟ್ಟುಕೊಂಡರೆ ಹಳ್ಳದ ಒಂದು ವರ್ಷದ ಬಾಳು ಇಪ್ಪತ್ತೇಳು ಪುಟಗಳಲ್ಲಿ ಅಡಕವಾಗುತ್ತದೆ.

ಆ ಪುಟಗಳಲ್ಲಿ ಏನೇನು ಕಾಣಬಹುದು? ಬೇಸಗೆಯಲ್ಲಿ ಹಳ್ಳ ಬತ್ತಿ ಮರಳೂ ಕಲ್ಲೂ ಉಳಿದಾಗ ಟಿಟ್ಟಿಭವು ಗೂಡನ್ನೇ ಕಟ್ಟದೆ ಗರಸಿನ ನಡುವೆ ಮೊಟ್ಟೆಯಿಡುತ್ತದೆ; ಮೊಟ್ಟೆಗೂ ಕಲ್ಲಿಗೂ ವ್ಯತ್ಯಾಸ ತಿಳಿಯದಷ್ಟು ಬಣ್ಣ ಒಂದಾಗಿರುತ್ತದೆ. ದಡದ ಹೊಂಗೆ ಅದೇ ಬಿಸಿಲಿನಲ್ಲಿ ಚಿಗುರಿ ಹೂ ಸುರಿಸುತ್ತದೆ. ಮುಂಗಾರು ಬಂದ ಮೇಲೆ ಕಪ್ಪೆಗಳ ಕೂಗು. ನೀರಿನ ಮೇಲೆ ಬಾಗಿದ ಕೊಂಬೆಗಳಲ್ಲಿ ಗೀಜಗಗಳ ನೇಯ್ಗೆ. ಮಿಂಚುಳ್ಳಿ ಮಣ್ಣಿನ ಕಡಿದಾದ ದಡದಲ್ಲಿ ಬಿಲ ಕೊರೆದು ಮರಿಮಾಡುತ್ತದೆ. ಆದ್ದರಿಂದ ಮಣ್ಣಿಗಾಗಿ ದಡವನ್ನು ಅಗೆದರೆ ಹಕ್ಕಿಯ ಮನೆಯೇ ಹೋದಂತೆ. ಹಸ್ತ, ಚಿತ್ತೆಯ ಹೊತ್ತಿಗೆ ಉತ್ತರದ ಶೀತ ಪ್ರದೇಶಗಳಿಂದ ಬೂದು ಕುಂಡೆಕುಸ್ಕ ಬಂದು, ಬಾಲವನ್ನು ಮೇಲೆ ಕೆಳಗೆ ಆಡಿಸುತ್ತ ಕಲ್ಲಿನಿಂದ ಕಲ್ಲಿಗೆ ಹಾರುತ್ತದೆ. ಬೇಸಗೆ ಬಲಿಯುವ ಮೊದಲು ಹಿಂದಿರುಗುತ್ತದೆ. ಅದು ಬಂದ ದಿನ, ಹೋದ ದಿನ ಎರಡನ್ನೂ ಬರೆದಿಟ್ಟ ವಿದ್ಯಾರ್ಥಿ ಒಂದು ಖಂಡದ ಋತುಚಕ್ರವನ್ನೇ ತನ್ನ ಹಳ್ಳದಲ್ಲಿ ಕಂಡಂತಾಯಿತು.

ಮಕ್ಕಳು ‘ಏರೋಪ್ಲೇನ್ ಚಿಟ್ಟೆ’ ಎಂದು ಕರೆಯುವ ಕೀಟಗಳಲ್ಲಿ ಹಳದಿ ಮೈಯ ಒಂದು ಜಾತಿಯು ಮಳೆಯ ತಾತ್ಕಾಲಿಕ ಹೊಂಡಗಳಲ್ಲಿ ಬೆಳೆಯುತ್ತದೆ. ಇವು ಭಾರತದಿಂದ ಮಾಲ್ಡೀವ್ಸ್ ದ್ವೀಪಗಳ ಮೇಲಿಂದ ಹಿಂದೂ ಮಹಾಸಾಗರವನ್ನು ದಾಟಿ ಪೂರ್ವ ಆಫ್ರಿಕವನ್ನು ತಲುಪುತ್ತವೆ ಎಂಬ ವಾದವನ್ನು ಚಾರ್ಲ್ಸ್ ಆಂಡರ್ಸನ್ ಎಂಬ ಸಾಗರಜೀವಿ ವಿಜ್ಞಾನಿ ೨೦೦೯ರಲ್ಲಿ ಮುಂದಿಟ್ಟರು. ಮಾಲ್ಡೀವ್ಸ್‌ನಲ್ಲಿ ಅವು ಪ್ರತಿವರ್ಷ ಕಾಣಿಸಿಕೊಳ್ಳುವ ದಿನಗಳನ್ನು ಬಿಡದೆ ಗುರುತಿಟ್ಟುಕೊಂಡದ್ದರಿಂದಲೇ ಅವರಿಗೆ ಈ ಸುಳಿವು ದೊರೆಯಿತು.

ಕ್ಯಾಮರಾ ಹಿಡಿಯುವ ಕ್ರಮ

ಬೆಲೆಬಾಳುವ ಕ್ಯಾಮರಾ ಇಲ್ಲವೆಂದು ಹಿಂಜರಿಯಬೇಕಾಗಿಲ್ಲ. ಮೊಬೈಲ್ ಫೋನಿನ ಕ್ಯಾಮರಾ ಈ ಕೆಲಸಕ್ಕೆ ಸಾಕು. ಮುಖ್ಯವಾದುದು ನಿಯಮ. ಅಲುಗಾಡದ ಒಂದು ಬಂಡೆಯನ್ನೋ ಸೇತುವೆಯ ಅಂಚನ್ನೋ ಗುರುತುಮಾಡಿಕೊಂಡು, ಪ್ರತಿಸಲವೂ ಅಲ್ಲಿಂದಲೇ, ಅದೇ ದಿಕ್ಕಿಗೆ, ಅದೇ ವೇಳೆಯಲ್ಲಿ ಮೊದಲ ಚಿತ್ರ ತೆಗೆಯಬೇಕು. ಅಡಿಗಳ ಗುರುತು ಹಾಕಿದ ಕೋಲೊಂದು ಚೌಕಟ್ಟಿನೊಳಗಿದ್ದರೆ ನೀರಿನ ಮಟ್ಟವೂ ದಾಖಲಾಗುತ್ತದೆ. ಹಕ್ಕಿ, ಹೂವು, ಕೀಟಗಳ ಚಿತ್ರಗಳು ಆ ಬಳಿಕ. ದಿನಾಂಕ, ವೇಳೆ, ಮಳೆಯ ಹೆಸರುಗಳನ್ನು ಅಂದೇ ಪುಸ್ತಕದಲ್ಲಿ ಬರೆಯಬೇಕು. ದಿನಾಂಕವಿಲ್ಲದ ಚಿತ್ರ ಅಲಂಕಾರಕ್ಕೆ ಒದಗೀತು, ಅಧ್ಯಯನಕ್ಕೆ ಒದಗದು.

ಇದರಲ್ಲಿ ಭೌತಶಾಸ್ತ್ರದ ಪಾಠವೂ ಇದೆ. ನೀರಿನ ವಕ್ರೀಭವನ ಸೂಚ್ಯಂಕ ೧.೩೩ ಆದುದರಿಂದ ನೇರ ಮೇಲಿನಿಂದ ನೋಡಿದಾಗ ನಾಲ್ಕು ಅಡಿ ಆಳದ ಮಡು ಮೂರೇ ಅಡಿಯಂತೆ ತೋರುತ್ತದೆ. ಅಪರಿಚಿತ ನೀರಿಗೆ ಇಳಿಯಬಾರದೆಂಬುದಕ್ಕೆ ಇದೊಂದು ಕಾರಣ. ನೀರಿನ ಮೇಲೆ ಹೊಳಪು ಕವಿದು ತಳದ ಮೀನು ಕಾಣದಿದ್ದಾಗ, ಮೇಲ್ಮೈಗೆ ಸುಮಾರು ೩೭ ಡಿಗ್ರಿ ಕೋನದಿಂದ ನೋಡುತ್ತ ಪೋಲರೈಸಿಂಗ್ ಫಿಲ್ಟರನ್ನು ತಿರುಗಿಸಿದರೆ ಹೊಳಪು ಮಾಯವಾಗುತ್ತದೆ. ಪ್ರತಿಫಲಿತ ಬೆಳಕಿನ ಈ ಗುಣದ ನಿಯಮವನ್ನು ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ ೧೮೧೫ರಲ್ಲಿ ನಿರೂಪಿಸಿದನು.

ಎರಡು ಎಚ್ಚರಿಕೆಗಳು ಅಗತ್ಯ. ಚಿತ್ರದ ಆಸೆಗಾಗಿ ಗೂಡಿನ ಮರೆಯ ಎಲೆಗಳನ್ನು ಸರಿಸಬಾರದು, ಮೊಟ್ಟೆಯನ್ನು ಮುಟ್ಟಬಾರದು. ಮೇಲಿನ ಗುಡ್ಡಗಳಲ್ಲಿ ಮೋಡ ಕವಿದಾಗ ಹಳ್ಳದ ಪಾತ್ರದೊಳಗೆ ನಿಲ್ಲಬಾರದು.

ಇಬ್ಬರ ಮೇಲ್ಪಂಕ್ತಿ

ಅಮೆರಿಕದ ಕಾನ್ಕರ್ಡ್ ಎಂಬ ಊರಿನಲ್ಲಿ ಹೆನ್ರಿ ಥೋರೋ ೧೮೫೦ರ ದಶಕದಲ್ಲಿ ಸುತ್ತಮುತ್ತಲ ನೂರಾರು ಗಿಡಗಳು ಮೊದಲು ಹೂಬಿಟ್ಟ ದಿನಗಳನ್ನು ಬರೆದಿಟ್ಟನು. ಒಂದೂವರೆ ಶತಮಾನದ ಅನಂತರ ರಿಚರ್ಡ್ ಪ್ರಿಮ್ಯಾಕ್ ಮತ್ತು ಸಂಗಡಿಗರು ಅದೇ ಊರಿನಲ್ಲಿ ಹೋಲಿಸಿ ನೋಡಿದಾಗ, ಅಭ್ಯಸಿಸಿದ ಗಿಡಗಳು ಸರಾಸರಿ ಒಂದು ವಾರ ಮುಂಚಿತವಾಗಿ ಹೂಬಿಡುತ್ತಿರುವುದು ತಿಳಿದುಬಂದಿತು. ನಮ್ಮ ಜಿಲ್ಲೆಯವರೇ ಆಗಿ ಬಾಳಿದ ಪೂರ್ಣಚಂದ್ರ ತೇಜಸ್ವಿಯವರು (೧೯೩೮–೨೦೦೭) ಮೂಡಿಗೆರೆಯ ತಮ್ಮ ತೋಟದ ಆಸುಪಾಸಿನಲ್ಲಿಯೇ ವರ್ಷಗಟ್ಟಲೆ ಕ್ಯಾಮರಾ ಹಿಡಿದು ಕಾದು ಕುಳಿತರು. ‘ಮಿಂಚುಳ್ಳಿ’, ‘ಹಕ್ಕಿಪುಕ್ಕ’ದಂಥ ಕೃತಿಗಳು ಆ ತಾಳ್ಮೆಯ ಫಲ. ಇಬ್ಬರೂ ನೋಡಿದ್ದು ಮನೆಯ ಸುತ್ತಣ ನೆಲವನ್ನೇ.

ಈಗ ಏಕೆ?

ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಭದ್ರೆಯ ನೀರನ್ನು ತರೀಕೆರೆಯ ಕಡೆ ಹಂತಹಂತವಾಗಿ ಮೇಲೆತ್ತಿ, ಅಜ್ಜಂಪುರದ ಬಳಿ ಸುಮಾರು ೭ ಕಿಲೋಮೀಟರ್ ಉದ್ದದ ಸುರಂಗದ ಮೂಲಕ ಪೂರ್ವಕ್ಕೆ ದಾಟಿಸಲಾಗಿದೆ. ೨೦೧೯ರಲ್ಲಿ ಆ ನೀರು ವೇದಾವತಿಯ ದಾರಿ ಹಿಡಿದು ವಾಣಿವಿಲಾಸ ಸಾಗರದತ್ತ ಹರಿಯಿತು. ಅಪಾರ ಮಳೆಯೂ ಕೂಡಿಬಂದು, ೧೯೩೩ರ ತರುವಾಯ ಆ ಜಲಾಶಯ ೨೦೨೨ರಲ್ಲಿ ಮತ್ತೆ ಕೋಡಿಬಿದ್ದಿತು. ಬಯಲಿನ ರೈತರಿಗೆ ಇದು ಭಾಗ್ಯವೇ ಸರಿ. ಆದರೆ ಬೇಸಗೆಯಲ್ಲಿ ಬತ್ತುತ್ತಿದ್ದ ಹಳ್ಳದಲ್ಲಿ ನೀರು ನಿಂತರೆ ಟಿಟ್ಟಿಭದ ಗರಸು ಏನಾಗುತ್ತದೆ? ಮರಳು ತೆಗೆದ ಹಳ್ಳದಲ್ಲಿ ಒರತೆ ಎಷ್ಟು ದಿನ ಬಾಳುತ್ತದೆ? ಮೊದಲು ಹೀಗಿತ್ತು ಎಂಬುದಕ್ಕೆ ಆಧಾರವಿಲ್ಲದಿದ್ದರೆ ಈ ಪ್ರಶ್ನೆಗಳ ಚರ್ಚೆ ಬರಿಯ ನೆನಪಿನ ವಾದವಾಗುತ್ತದೆ. ಹಳ್ಳ ತುಂಬಿ ಹರಿಯುವಾಗ ಎಲ್ಲರೂ ಚಿತ್ರ ತೆಗೆಯುತ್ತಾರೆ. ಬತ್ತಿದ ಹಳ್ಳದ ಚಿತ್ರ ಯಾರಲ್ಲಿಯೂ ಇರುವುದಿಲ್ಲ. ಹೋಲಿಕೆಗೆ ಬೇಕಾದುದು ಎರಡೂ.

ಈ ಕಾರ್ಯದಲ್ಲಿ ಎಲ್ಲರಿಗೂ ಪಾಲಿದೆ. ಅಧ್ಯಾಪಕರು ತರಗತಿಗೊಂದು ಹಳ್ಳವನ್ನು ಆರಿಸಿ, ಮೇಲಿನ ತರಗತಿಗೆ ಹೋಗುವ ಮಕ್ಕಳು ಕೆಳಗಿನವರಿಗೆ ಪುಸ್ತಕವನ್ನು ಒಪ್ಪಿಸುವ ಪರಿಪಾಠವನ್ನು ಹಾಕಬಹುದು. ಹಳೆಯ ವಿದ್ಯಾರ್ಥಿಗಳು ತಮ್ಮ ಮನೆಯ ಆಲ್ಬಮ್‌ಗಳನ್ನು ತೆರೆದು ನೋಡಲಿ: ಜಾತ್ರೆಯ, ಮದುವೆಯ, ಶಾಲಾ ದಿನಗಳ ಚಿತ್ರಗಳ ಹಿನ್ನೆಲೆಯಲ್ಲಿ ಹಳ್ಳವೋ ಕೆರೆಯ ಏರಿಯೋ ಇದ್ದರೆ, ವರ್ಷವನ್ನು ನಮೂದಿಸಿ ಪ್ರತಿಯೊಂದನ್ನು ಶಾಲೆಗೆ ಕೊಡಲಿ. ದಾನಿಗಳು ಒಂದು ಕ್ಯಾಮರಾವನ್ನೂ, ಚಿತ್ರಗಳನ್ನು ಕಾಪಿಡಲು ಒಂದು ಬೀರುವನ್ನೂ ಒದಗಿಸಿದರೆ ಸಾಕು. ಬರುವ ಭರಣಿ ಮಳೆಯಿಂದ ಆರಂಭಿಸಿದರೆ, ಮುಂದಿನ ಸಂಚಿಕೆ ಹೊರಬರುವ ವೇಳೆಗೆ ಮೊದಲ ವರ್ಷದ ಪುಟಗಳು ಸಿದ್ಧವಾಗಿರುತ್ತವೆ.